ಅಕ್ಕನ ಜೊತೆ ಮೂರು ದಿನ: ಸಿಂಗಪುರವೋ, ಬ್ಯಾಂಕಾಕೋ?

ಮದುವೆಯಾಗಿ ಬೇರೆ ಊರಿನಲ್ಲಿರುವ ಅಕ್ಕನನ್ನು ಮೂರು ದಿನದ ಮಟ್ಟಿಗೆ ಹೊರದೇಶಕ್ಕೆ ಕರೆದೊಯ್ಯಬೇಕು, ಸಿಂಗಪುರ ಮತ್ತು ಬ್ಯಾಂಕಾಕ್‌ಗಳಲ್ಲಿ ಎಲ್ಲಿ ಹೆಚ್ಚು ಜಾಗ ನೋಡಲು ಸಿಗುತ್ತದೆ ಎಂದು ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು, ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ತೋಟದ ಮನೆಯಲ್ಲಿರುವ ನನ್ನ ಅಕ್ಕನನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗಿದ್ದೆ. ದಸರಾ ರಜೆಯಲ್ಲಿ, ಅಡಿಕೆ ಗೊನೆಗಳ ಕೊಯ್ಲು ಶುರುವಾಗುವ ಮೊದಲು, ಮಕ್ಕಳನ್ನು ಅತ್ತೆಯವರ ಬಳಿ ಬಿಟ್ಟು ಅವಳು ಹೊಂದಿಸಿಕೊಂಡ ಬಿಡುವು ಅದು. ಅದರಲ್ಲಿ ಅರ್ಧವನ್ನು ನಾನು ಕೆಡಿಸಿದೆ. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ತಪ್ಪು ಕಾಣುತ್ತಿದೆ.

ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆಯ ಹಾದಿ, ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ 11ಕ್ಕೆ ಹೊರಟರೆ ಬೆಳಿಗ್ಗೆ 6ಕ್ಕೆ ಇಳಿಯಬಹುದು, ಹಗಲು ಪೂರ್ತಿ ಉಳಿಯುತ್ತದೆ ಎಂದು ನಾನು ಹಿಗ್ಗಿದೆ. ಆದರೆ ಅಲ್ಲಿಯ 6 ಗಂಟೆ ಎಂದರೆ ನಮ್ಮ ದೇಹಕ್ಕೆ ಮೂರೂವರೆ. ವಿಮಾನ ಮೇಲೇರಿ, ಊಟ ಕೊಟ್ಟು, ದೀಪ ಆರಿಸಿ, ಮತ್ತೆ ಇಳಿಯುವ ಸಿದ್ಧತೆಗೆ ಎಬ್ಬಿಸುವಷ್ಟರಲ್ಲಿ ಕಣ್ಣು ಮುಚ್ಚಲು ಸಿಗುವುದು ಎರಡು ಗಂಟೆಯೂ ಅಲ್ಲ. ಅಕ್ಕನಂತೂ ಹಿಂದಿನ ರಾತ್ರಿಯನ್ನು ಸಾಗರದ ಬಸ್ಸಿನಲ್ಲಿ ಕಳೆದು ಬಂದವಳು, ಹೀಗಾಗಿ ಅವಳಿಗೆ ಅದು ನಿದ್ದೆಯಿಲ್ಲದ ಎರಡನೆಯ ರಾತ್ರಿ. ಹೋಟೆಲಿನವರು ಮಧ್ಯಾಹ್ನ 3ಕ್ಕೆ ಮೊದಲು ಕೋಣೆ ಕೊಡುವುದಿಲ್ಲ ಎಂದರು, ಬ್ಯಾಗು ಮಾತ್ರ ಇಟ್ಟುಕೊಂಡರು. ಇದು ಸಾಲದೆಂಬಂತೆ ಅದೇ ದಿನಕ್ಕೆ ಸೆಂಟೋಸಾ ದ್ವೀಪದ ಥೀಮ್ ಪಾರ್ಕಿನ ಟಿಕೆಟನ್ನು ನಾನು ಮೊದಲೇ ಕೊಂಡಿದ್ದೆ, ದಿನಾಂಕ ಬದಲಿಸುವಂತಿರಲಿಲ್ಲ. ಭೂಮಧ್ಯರೇಖೆಗೆ ಅಂಟಿಕೊಂಡ ಊರಿನ ಆ ಸೆಕೆಯಲ್ಲಿ ಸರತಿ ಸಾಲಿನಲ್ಲಿ ನಿಂತ ಅಕ್ಕನಿಗೆ ಅರೆತಲೆನೋವು ಎದ್ದಿತು. ಸಂಜೆ ವಾಂತಿಯಾಯಿತು. ಮರುದಿನ ಪೂರ್ತಿ ಅವಳು ಕಿಟಕಿಯ ಪರದೆ ಎಳೆದುಕೊಂಡು ಮಲಗಿದಳು. ಗಾರ್ಡನ್ಸ್ ಬೈ ದ ಬೇ ಎಂಬ ಉದ್ಯಾನದಲ್ಲಿ ಐವತ್ತು ಮೀಟರ್‌ವರೆಗೂ ಎತ್ತರವಿರುವ ಆ ಕೃತಕ ಮರಗಳ ದೀಪದಾಟವೂ ಹೋಯಿತು, ದುಡ್ಡೂ ಹೋಯಿತು. ನನ್ನನ್ನು ಈಗಲೂ ಕಾಡುವುದು ಅದಲ್ಲ. ಅವಳು ನನಗೆ ಬೇಸರವಾಗಬಾರದೆಂದು ಪಾರ್ಕಿನಲ್ಲಿ ತಲೆನೋವಿನ ವಿಷಯವನ್ನೇ ಎತ್ತದೆ ನಡೆದಿದ್ದಳು.

ಕೊನೆಯ ಬೆಳಿಗ್ಗೆ ಏನನ್ನೂ ಗೊತ್ತುಮಾಡಿರಲಿಲ್ಲ. ನಾವಿದ್ದುದು ಲಿಟಲ್ ಇಂಡಿಯಾ ಎಂಬ ಬಡಾವಣೆಯಲ್ಲಿ. ಅಲ್ಲಿಂದ ಮೆಟ್ರೋದ ಡೌನ್‌ಟೌನ್ ಮಾರ್ಗದಲ್ಲಿ ಮೂರನೆಯ ನಿಲ್ದಾಣವೇ ಬೊಟಾನಿಕ್ ಗಾರ್ಡನ್ಸ್. 1859ರಲ್ಲಿ ಶುರುವಾದ, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ತೋಟಕ್ಕೆ ಪ್ರವೇಶ ಉಚಿತ, ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್ ಇದೆ. ಅಲ್ಲಿ ಅಕ್ಕ ಒಂದು ಮರಕ್ಕೆ ಕಟ್ಟಿದ್ದ ಆರ್ಕಿಡ್ ಗಿಡದ ಬಿಳಿ ಬೇರನ್ನು ಉಗುರಿನ ತುದಿಯಲ್ಲಿ ಮುಟ್ಟಿ ನೋಡಿ, "ನಮ್ಮ ಮಾವಿನ ಮರದಿಂದ ಬಿದ್ದ ಸೀತಾಳೆ ದಂಡೆಯನ್ನು ಹೀಗೆ ನಾರು ಹಾಕಿ ಕಟ್ಟಿದ್ದರೆ ಉಳೀತಿತ್ತು ಕಣೇ" ಎಂದಳು. ಸೀತಾಳೆ ದಂಡೆ ಎಂದರೆ ನಮ್ಮ ಕಡೆ ಮರದ ಮೇಲೆ ಬೆಳೆಯುವ ಕಾಡು ಆರ್ಕಿಡ್. ಆಮೇಲೆ ನೆರಳಿನ ಬೆಂಚೊಂದರಲ್ಲಿ ಕೂತು, ಅಪ್ಪ ಹೋದ ಮೇಲೆ ಅಮ್ಮ ಯಾರ ಮನೆಯಲ್ಲಿ ಇರಬೇಕು ಎಂಬ, ಫೋನಿನಲ್ಲಿ ಪ್ರತಿಸಲವೂ ಅರ್ಧಕ್ಕೇ ನಿಲ್ಲುತ್ತಿದ್ದ ಮಾತನ್ನು ನಾವು ಕೊನೆಮುಟ್ಟಿಸಿದೆವು. ಊರಿನಲ್ಲಿದ್ದಿದ್ದರೆ ಯಾರಾದರೂ ನಡುವೆ ಬಂದೇ ಬರುತ್ತಿದ್ದರು.

ಆದ್ದರಿಂದ ಎಲ್ಲಿ ಹೆಚ್ಚು ಜಾಗ ನೋಡಬಹುದು ಎಂಬ ಪ್ರಶ್ನೆಯನ್ನೇ ಬಿಡಿ ಎನ್ನುತ್ತೇನೆ. ಬ್ಯಾಂಕಾಕ್ ಇನ್ನೂ ಹತ್ತಿರ, ಹಾಗಾಗಿ ರಾತ್ರಿ ವಿಮಾನ ಹಿಡಿದರೆ ಅಲ್ಲಿ ನಿದ್ದೆ ಇನ್ನಷ್ಟು ಕಡಿಮೆ. ಎರಡರಲ್ಲಿ ಯಾವುದಾದರೂ ಸರಿ, ಹಗಲಿನ ವಿಮಾನ ಹಿಡಿಯಿರಿ. ಅದು ಸಿಗದಿದ್ದರೆ ಹಿಂದಿನ ರಾತ್ರಿಯಿಂದಲೇ ಕೋಣೆ ಕಾಯ್ದಿರಿಸಿ. ಒಂದು ರಾತ್ರಿಯ ಬಾಡಿಗೆ ದಂಡವಾದಂತೆ ಕಂಡರೂ, ಬೆಳಿಗ್ಗೆ ಇಳಿದೊಡನೆ ಸ್ನಾನ ಮಾಡಿ ಮಲಗಬಹುದು. ಮೊದಲ ದಿನಕ್ಕೆ ಯಾವ ಟಿಕೆಟನ್ನೂ ಕೊಳ್ಳಬೇಡಿ. ಸಿಂಗಪುರವನ್ನೇ ಆರಿಸಿದರೆ ಲಿಟಲ್ ಇಂಡಿಯಾದಲ್ಲಿ ಉಳಿಯಿರಿ. ಸೆರಂಗೂನ್ ರಸ್ತೆಯಲ್ಲಿ ಬೆಳಗಿನ ಇಡ್ಲಿ, ಕಾಫಿ ಸಿಗುತ್ತದೆ, ಸಸ್ಯಾಹಾರಿಗಳಿಗೆ ಅಲೆದಾಟವಿಲ್ಲ. ವೀಸಾ ಮೊದಲೇ ಮಾಡಿಸಿ. ಅಲ್ಲಿಯ ಆಗಮನ ಪತ್ರವನ್ನು (SG Arrival Card) ಇಳಿಯುವ ದಿನವೂ ಸೇರಿದಂತೆ ಅದರ ಹಿಂದಿನ ಮೂರು ದಿನದೊಳಗೆ ಅವರ ಸರ್ಕಾರಿ ತಾಣದಲ್ಲೇ ತುಂಬಿ, ಅದಕ್ಕೆ ಶುಲ್ಕವಿಲ್ಲ.

ಇದೆಲ್ಲಕ್ಕೂ ಮೊದಲು, ಅಕ್ಕನಿಗೆ ಏನು ನೋಡುವ ಆಸೆಯಿದೆ ಎಂದು ಅವರನ್ನೇ ಕೇಳಿ. ನಾನು ಆ ಫೋನನ್ನೇ ಮಾಡಿರಲಿಲ್ಲ. ಅವರು "ನೀನು ಎಲ್ಲಿ ಹೇಳಿದರೂ ಸರಿ" ಎಂದರೆ ಅಷ್ಟಕ್ಕೆ ಒಪ್ಪಿಕೊಳ್ಳದೆ, ಮಾರನೆಯ ದಿನ ಇನ್ನೊಮ್ಮೆ ಕೇಳಿ.