ಕ್ಯಾಶ್ ಹಾಕುವ ಮೊದಲು ಕೇಬಲ್ ನೋಡಿ

ಪ್ರಶ್ನೆ: ನಾಲ್ಕು ಡಿಸ್ಕ್ ಹಿಡಿಯುವ ನ್ಯಾಸ್ ಡಬ್ಬಿ (ಮನೆಯ ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಸ್ಟೋರೇಜ್) ತಂದಿದ್ದೇನೆ. ಮನೆಯವರ ಫೋಟೋ, ವಿಡಿಯೊ, ಎರಡು ಲ್ಯಾಪ್‌ಟಾಪ್‌ಗಳ ಬ್ಯಾಕಪ್ ಎಲ್ಲವನ್ನೂ ಅದರಲ್ಲೇ ಇಡಬೇಕು ಅಂತ ಯೋಚನೆ. ಎರಡು ಎಂ.2 ಸ್ಲಾಟ್ ಕೂಡ ಇವೆ. ಅಲ್ಲಿ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಕೂರಿಸಿ ಕ್ಯಾಶ್, ಅಂದರೆ ಪದೇ ಪದೇ ಬೇಕಾಗುವ ಡೇಟಾ ಕೈಗೆ ಹತ್ತಿರ ಇಡುವ ಜಾಗ, ಮಾಡಿಕೊಂಡರೆ ಕಾಪಿ ವೇಗ ಎಲ್ಲಿಗೋ ಹೋಗುತ್ತದೆ ಅಂತಾನೆ ಗೆಳೆಯ. ಹಾಕಲಾ?

ಉತ್ತರ: ಈಗಲೇ ಬೇಡ. ಈ ಕ್ಯಾಶ್‌ಗೂ ಜೇಬಿನ ಕ್ಯಾಶ್‌ಗೂ ಸಂಬಂಧ ಇಲ್ಲ, ಆದರೆ ಒಂದಕ್ಕೆ ಆಸೆಪಟ್ಟರೆ ಇನ್ನೊಂದು ಖಾಲಿಯಾಗುತ್ತದೆ.

ಮೊದಲು ಸ್ವಲ್ಪ ಲೆಕ್ಕ ಹಾಕಿ. ನಿಮ್ಮ ಡಬ್ಬಿಯ ನೆಟ್‌ವರ್ಕ್ ಪೋರ್ಟ್ 1 ಗಿಗಾಬಿಟ್‌ನದಾದರೆ ಅದರಲ್ಲಿ ಸೆಕೆಂಡಿಗೆ 125 ಎಂಬಿಗಿಂತ ಜಾಸ್ತಿ ಹೋಗುವುದೇ ಇಲ್ಲ, ಕೈಗೆ ಸಿಗುವುದು 110ರ ಆಸುಪಾಸು. ದೊಡ್ಡ ವಿಡಿಯೊ ಫೈಲ್ ಓದುವಾಗ ಈಗಿನ ಹಾರ್ಡ್ ಡಿಸ್ಕ್ ಒಂದೇ ಸಾಕು, ಸಾಮಾನ್ಯವಾಗಿ 150ರ ಮೇಲೆಯೇ ಕೊಡುತ್ತದೆ. ಡಿಸ್ಕ್ ಸಿದ್ಧವಾಗಿ ನಿಂತಿದೆ, ಬಾಗಿಲೇ ಕಿರಿದು. ಒಳಗೆ ಇನ್ನೂ ವೇಗದ ಎಸ್‌ಎಸ್‌ಡಿ ನಿಲ್ಲಿಸಿದರೆ ಬಾಗಿಲು ಅಗಲ ಆಗುತ್ತದಾ? 2.5 ಗಿಗಾಬಿಟ್ ಪೋರ್ಟ್ ಇದ್ದು, ನಿಮ್ಮ ನೆಟ್‌ವರ್ಕ್ ಸ್ವಿಚ್ಚು, ಲ್ಯಾಪ್‌ಟಾಪೂ ಅದನ್ನು ಹಿಡಿಯುವಂತಿದ್ದರೆ ಮಾತು ಬೇರೆ. ವೈಫೈಯಲ್ಲಿ ಕೂತು ವೇಗ ಅಳೆಯಬೇಡಿ.

ಈ ವಿಷಯದಲ್ಲಿ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಕಾಪಿ ವೇಗ 11 ಎಂಬಿ ದಾಟುತ್ತಿರಲಿಲ್ಲ. ಡಿಸ್ಕೇ ಸೋಮಾರಿ ಅಂದುಕೊಂಡು ಎಸ್‌ಎಸ್‌ಡಿ ತಂದು ಕ್ಯಾಶ್ ಮಾಡಿದೆ. ಆಗಲೂ ಹನ್ನೊಂದೇ. ರಾತ್ರಿ ಮೇಜಿನ ಕೆಳಗೆ ನುಗ್ಗಿ ಟಾರ್ಚ್ ಹಿಡಿದು ನೋಡಿದರೆ ಕೇಬಲ್ ಮೇಜಿನ ಕಾಲಿಗೆ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಗಿಗಾಬಿಟ್ ವೇಗಕ್ಕೆ ಕೇಬಲ್ ಒಳಗಿನ ಎಂಟೂ ತಂತಿಗಳು ಸರಿಯಿರಬೇಕು, 100 ಮೆಗಾಬಿಟ್‌ಗಾದರೆ (ಗಿಗಾಬಿಟ್‌ನ ಹತ್ತನೇ ಒಂದು ಭಾಗ) ನಾಲ್ಕು ಸಾಕು, ಹಾಗಾಗಿ ಒಂದು ತಂತಿ ತುಂಡಾದರೂ ಸಂಪರ್ಕ ಕಡಿದು ಹೋಗದೆ ಸದ್ದಿಲ್ಲದೆ ಕೆಳಗಿಳಿದು ಕೂತಿರಬಹುದು. ಬೇರೆ ಕೇಬಲ್ ಚುಚ್ಚಿದೆ, 112 ಬಂತು. ಆ ಎಸ್‌ಎಸ್‌ಡಿ ಈಗ ಲ್ಯಾಪ್‌ಟಾಪಿನಲ್ಲಿದೆ.

ಹಾಗಂತ ಕ್ಯಾಶ್ ದಂಡ ಅಂತ ಅಲ್ಲ. ನಿಮಿಷಕ್ಕೆ 7200 ಸಲ ತಿರುಗುವ ಡಿಸ್ಕ್ ಒಂದು ಸುತ್ತು ಹಾಕಲು 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಜೊತೆಗೆ ಡೇಟಾ ಓದುವ ಹೆಡ್ ಆಚೀಚೆ ಓಡಾಡಬೇಕು. ಹೀಗಾಗಿ ಅಲ್ಲೊಂದು ಇಲ್ಲೊಂದು ಚೂರು ಕೇಳಿದರೆ ಸೆಕೆಂಡಿಗೆ ನೂರರಷ್ಟು ಕಡೆ ಹೋಗಿ ಬರುವಷ್ಟರಲ್ಲಿ ಸುಸ್ತು. ಎಸ್‌ಎಸ್‌ಡಿಗೆ ಇದೇ ಕೆಲಸ ಹತ್ತಾರು ಸಾವಿರ ಸಲ ಮಾಡುವುದು ದೊಡ್ಡದಲ್ಲ. ಫೋಟೋ ಆ್ಯಪ್ ತೆರೆದಾಗ ಬರುವ ಸಾವಿರಾರು ಪುಟ್ಟ ಥಂಬ್‌ನೇಲ್, ಡೇಟಾಬೇಸ್, ವರ್ಚುವಲ್ ಮಷೀನ್, ಇಂಥ ಕಡೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಮ್ಮೆ ನೋಡಿ ಬಿಡುವ ಸಿನಿಮಾಕ್ಕೆ ಇದರಿಂದ ಏನೂ ಲಾಭ ಇಲ್ಲ. ಅದಕ್ಕೂ ಮೊದಲು ರ್‍ಯಾಮ್ ಹೆಚ್ಚಿಸಬಹುದಾ ನೋಡಿ. ಬಳಕೆಯಾಗದ ರ್‍ಯಾಮನ್ನು ಸಿಸ್ಟಂ ತಾನೇ ಕ್ಯಾಶ್ ಮಾಡಿಕೊಳ್ಳುತ್ತದೆ. ಇನ್ನು ಎಂ.2 ಎಸ್‌ಎಸ್‌ಡಿಯನ್ನು ಬೇರೆಯದೇ ವಾಲ್ಯೂಮ್ (ಫೈಲ್ ಇಡುವ ಪ್ರತ್ಯೇಕ ಜಾಗ) ಮಾಡಲು ನಿಮ್ಮ ಡಬ್ಬಿ ಒಪ್ಪಿದರೆ ನಾನಂತೂ ಕ್ಯಾಶ್ ಬಿಟ್ಟು ಅದನ್ನೇ ಮಾಡುತ್ತೇನೆ. ಆ್ಯಪ್‌ಗಳು, ಡೇಟಾಬೇಸ್ ಅಲ್ಲಿರಲಿ, ತೂಕದ ಫೈಲ್‌ಗಳು ಹಾರ್ಡ್ ಡಿಸ್ಕ್‌ನಲ್ಲಿರಲಿ.

ಪ್ರಶ್ನೆ: ಸೆಟ್ಟಿಂಗ್‌ನಲ್ಲಿ ‘ರೀಡ್ ಓನ್ಲಿ’ ಮತ್ತು ‘ರೀಡ್ ರೈಟ್’ ಅಂತ ಎರಡು ಬಗೆಯ ಕ್ಯಾಶ್ ತೋರಿಸುತ್ತಿದೆ. ನನ್ನ ಹತ್ತಿರ ಒಂದೇ ಎಸ್‌ಎಸ್‌ಡಿ ಇದೆ. ಯಾವುದು ಆರಿಸಲಿ?

ಉತ್ತರ: ಒಂದೇ ಇದ್ದರೆ ರೀಡ್ ಓನ್ಲಿ. ಅದರಲ್ಲಿ ಇರುವುದು ಬರೀ ನಕಲು, ಎಸ್‌ಎಸ್‌ಡಿ ಸತ್ತರೂ ಅಸಲು ಡಿಸ್ಕ್‌ನಲ್ಲಿ ಇದ್ದೇ ಇರುತ್ತದೆ. ರೀಡ್ ರೈಟ್‌ನಲ್ಲಿ ಹಾಗಲ್ಲ. ನೀವು ಕಳಿಸಿದ ಫೈಲ್ ಮೊದಲು ಎಸ್‌ಎಸ್‌ಡಿಗೆ ಬಂದು, ಡಿಸ್ಕ್‌ಗೆ ಇಳಿಯುವುದು ಆಮೇಲೆ. ಆ ನಡುವೆ ಎಸ್‌ಎಸ್‌ಡಿ ಕೈಕೊಟ್ಟರೆ ಆ ಫೈಲಷ್ಟೇ ಅಲ್ಲ, ಇಡೀ ವಾಲ್ಯೂಮೇ ಕೆಡಬಹುದು. ಅದಕ್ಕೇ ಎರಡು ಎಸ್‌ಎಸ್‌ಡಿ ಜೋಡಿ ಮಾಡಿ ರೇಡ್ 1ರಲ್ಲಿ, ಅಂದರೆ ಎರಡರಲ್ಲೂ ಅದೇ ಡೇಟಾ ಇರುವ ಹಾಗೆ, ಇಡಬೇಕು, ಕರೆಂಟ್ ಹೋದರೆ ತಡೆದುಕೊಳ್ಳಲು ಯುಪಿಎಸ್ ಬೇಕು. ಮುಖ್ಯವಾಗಿ, ಚಾಲೂ ಇರುವಾಗ ಎಸ್‌ಎಸ್‌ಡಿಯನ್ನು ಕಿತ್ತುಬಿಡಬೇಡಿ. ಸೆಟ್ಟಿಂಗ್‌ನಲ್ಲಿ ಕ್ಯಾಶ್ ತೆಗೆಯಲು ಹೇಳಿ, ಅದು ಪೂರ್ತಿ ಖಾಲಿಯಾದ ಮೇಲೆ ತೆಗೆಯಿರಿ.

ಕೊಳ್ಳುವಾಗ ಟಿಬಿಡಬ್ಲ್ಯೂ ನೋಡಿ. ಒಟ್ಟು ಎಷ್ಟು ಟಿಬಿ ಬರೆಯುವವರೆಗೆ ಕಂಪನಿ ಹೊಣೆ ಹೊರುತ್ತದೆ ಅನ್ನುವ ಅಂಕಿ ಅದು. ಬರೆಯುವ ಕ್ಯಾಶ್‌ಗೆ ಬೇಗ ಸವೆಯುವ ಕ್ಯೂಎಲ್‌ಸಿ ಬಗೆಯ ಎಸ್‌ಎಸ್‌ಡಿ ಬೇಡ, ಹೆಚ್ಚು ಬಾಳುವ ಟಿಎಲ್‌ಸಿ ತಗೊಳ್ಳಿ.

ಪ್ರಶ್ನೆ: ಡೆಸ್ಕ್‌ಟಾಪಿನಿಂದ ತೆಗೆದ 4 ಟಿಬಿ ಡಿಸ್ಕ್ ಸುಮ್ನೆ ಬಿದ್ದಿದೆ. ನ್ಯಾಸ್‌ಗೇ ಅಂತ ಮಾರುವ ಡಿಸ್ಕ್ ಬೇಕೇ ಬೇಕಾ, ಇದನ್ನೇ ರೇಡ್‌ಗೆ (ಹಲವು ಡಿಸ್ಕ್‌ಗಳನ್ನು ಒಂದಾಗಿ ಕೂಡಿಸುವ ವ್ಯವಸ್ಥೆ) ಸೇರಿಸಲಾ?

ಉತ್ತರ: ಅದರ ಮಾಡೆಲ್ ನಂಬರ್ ಹುಡುಕಿ, ಸಿಎಂಆರ್ ಇದೆಯಾ ಎಸ್‌ಎಂಆರ್ ಇದೆಯಾ ನೋಡಿ, ಇವು ಡಿಸ್ಕ್ ಮೇಲೆ ಡೇಟಾ ಬರೆಯುವ ಎರಡು ಬಗೆ. ಎಸ್‌ಎಂಆರ್ ಅಂದರೆ ಮಾಡಿಗೆ ಹೆಂಚು ಹೊದಿಸಿದ ಹಾಗೆ, ಒಂದು ಟ್ರ್ಯಾಕಿನ (ಡೇಟಾ ಬರೆಯುವ ಗೆರೆ) ಅಂಚು ಇನ್ನೊಂದರ ಮೇಲೆ ಕೂತಿರುತ್ತದೆ, ಸಿಎಂಆರ್‌ನಲ್ಲಿ ಹಾಗೆ ಕೂರುವುದಿಲ್ಲ. ಜಾಗ ಉಳಿಯುತ್ತದೆ ನಿಜ, ಆದರೆ ನಡುವಿನ ಒಂದು ಹೆಂಚು ಬದಲಿಸಲು ಅಕ್ಕಪಕ್ಕದ್ದನ್ನೂ ಎತ್ತಿ ಮತ್ತೆ ಜೋಡಿಸಬೇಕಲ್ವಾ? ಇಲ್ಲೂ ಅದೇ ಕಥೆ. ದಿನವೂ ಸ್ವಲ್ಪ ಸ್ವಲ್ಪ ಬರೆದರೆ ಗೊತ್ತೇ ಆಗುವುದಿಲ್ಲ, ರೇಡ್‌ನಲ್ಲಿ ಒಂದು ಡಿಸ್ಕ್ ಹೋಗಿ ಹೊಸದಕ್ಕೆ ಎಲ್ಲವನ್ನೂ ಮತ್ತೆ ಬರೆಯುವ ದಿನ ಅದು ತೆವಳಲು ಶುರು ಮಾಡುತ್ತದೆ, ಗಂಟೆಗಳ ಕೆಲಸ ದಿನಗಟ್ಟಲೆ ಎಳೆಯುತ್ತದೆ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲೇ ಎಸ್‌ಎಂಆರ್ ಇದೆ, ಅದನ್ನು ಹೇಳದೆ ಮಾರಿದ್ದಾರೆ ಅಂತ ದೊಡ್ಡ ಗಲಾಟೆಯಾಗಿತ್ತು. ಅದಾದ ಮೇಲೆ ಸಿಎಂಆರ್ ಇರುವುದಕ್ಕೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟರು. ಹಾಗಾಗಿ ಡಬ್ಬದ ಮೇಲೆ ನ್ಯಾಸ್ ಅಂತ ಬರೆದಿದ್ದರೆ ಸಾಕು ಅನ್ನಬೇಡಿ.

ಇನ್ನೊಂದು ವಿಷಯ. ಓದಲಾಗದ ಜಾಗ ಸಿಕ್ಕಾಗ ಡೆಸ್ಕ್‌ಟಾಪ್ ಡಿಸ್ಕ್ ಹಟ ಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಷ್ಟರಲ್ಲಿ ಡಿಸ್ಕೇ ಸತ್ತಿತು ಅಂದುಕೊಂಡು ರೇಡ್ ಅದನ್ನು ಹೊರಗೆ ಹಾಕಬಹುದು. ನ್ಯಾಸ್ ಡಿಸ್ಕ್ ಸಾಮಾನ್ಯವಾಗಿ 7 ಸೆಕೆಂಡಿಗೆ ಕೈಚೆಲ್ಲಿ ‘ಆಗಲಿಲ್ಲ’ ಅಂತ ಒಪ್ಪಿಕೊಳ್ಳುತ್ತದೆ. ಆ ಚೂರನ್ನು ರೇಡ್ ಬೇರೆ ಡಿಸ್ಕ್‌ನಿಂದ ತಂದುಕೊಳ್ಳುತ್ತದೆ.

ಪ್ರಶ್ನೆ: 4 ಟಿಬಿಯ ನಾಲ್ಕು ಡಿಸ್ಕ್ ಒಳ್ಳೆಯದಾ, 8 ಟಿಬಿಯ ಎರಡಾ?

ಉತ್ತರ: ನಾಲ್ಕನ್ನು ರೇಡ್ 5 ಮಾಡಿದರೆ (ಒಂದು ಡಿಸ್ಕ್‌ನಷ್ಟು ಜಾಗ ರಕ್ಷಣೆಗೆ ಹೋಗುತ್ತದೆ) 12 ಟಿಬಿ, ಎರಡನ್ನು ರೇಡ್ 1 ಮಾಡಿದರೆ 8. ಆದರೂ ನನ್ನ ಮತ ಎರಡಕ್ಕೇ, 8 ಸಾಕಾಗುವುದಾದರೆ. ಸದ್ದು ಕಡಿಮೆ, ಬಿಸಿ ಕಡಿಮೆ, ಎರಡು ಜಾಗ ಖಾಲಿ ಉಳಿಯುತ್ತದೆ, ಮುಂದೆ ಬೇಕಾದರೆ ಮೂರನೆಯದು ಸೇರಿಸಬಹುದು. ಎರಡನ್ನೂ ಒಂದೇ ಬ್ಯಾಚ್‌ನಿಂದ ತಗೊಳ್ಳದಿದ್ದರೆ ಒಳ್ಳೆಯದು.

ಪ್ರಶ್ನೆ: ರೇಡ್ ಇದ್ದ ಮೇಲೆ ಬೇರೆ ಬ್ಯಾಕಪ್ ಬೇಕಾ?

ಉತ್ತರ: ಬೇಕು. ಮನೆಯಲ್ಲಿ ಯಾರೋ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ರೇಡ್ ಎರಡು ಮಾತಾಡದೆ ಎರಡೂ ಡಿಸ್ಕ್‌ನಿಂದ ಅಳಿಸಿಬಿಡುತ್ತದೆ. ಮೇಲೆ ಒಬ್ಬರು ಸುಮ್ನೆ ಬಿದ್ದಿರುವ ಡೆಸ್ಕ್‌ಟಾಪ್ ಡಿಸ್ಕ್ ಬಗ್ಗೆ ಕೇಳಿದ್ದರಲ್ಲ, ಅದಕ್ಕೆ ಸರಿಯಾದ ಕೆಲಸ ಇದು. ಯುಎಸ್‌ಬಿ ಕೇಸ್‌ನಲ್ಲಿ ಹಾಕಿ, ವಾರಕ್ಕೊಮ್ಮೆ ಫೋಟೋ ಕಾಪಿ ಮಾಡಿ, ಕಳಚಿ ಬೇರೆ ಕೋಣೆಯಲ್ಲೋ ಬೇರೆ ಮನೆಯಲ್ಲೋ ಇಡಿ. ಈ ಕೆಲಸಕ್ಕೆ ಎಸ್‌ಎಂಆರ್ ಆದರೂ ಪರವಾಗಿಲ್ಲ.