ಕ್ಲೀನಿಂಗ್ ಮಾಡಿಸಿದ್ದಕ್ಕೇ ಹಲ್ಲು ಸಡಿಲಾಯಿತೇ?

ಓದುಗರ ಪ್ರಶ್ನೆಗೆ ವಸಡು ತಜ್ಞರ ಉತ್ತರ

ದಿನಕ್ಕೆ ಎರಡು ಸಲ ಹಲ್ಲುಜ್ಜಿ, ಸಿಹಿ ಕಡಿಮೆ ತಿನ್ನಿ ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ಗೊತ್ತಿಲ್ಲದವರು ಯಾರೂ ಇಲ್ಲ. ಶಿರಸಿಯಿಂದ ಬರಲಿ, ಕಾರವಾರದಿಂದ ಬರಲಿ, ಪತ್ರ ಬಿಚ್ಚಿದರೆ ಅದೇ ಒಂದು ಪ್ರಶ್ನೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ ಹೋಗಲಿ.

ನನಗೆ 52 ವರ್ಷ, ಸಿದ್ದಾಪುರ ಕಡೆ ತೋಟದ ಕೆಲಸ. ದಿನಕ್ಕೆ ಏಳೆಂಟು ಕವಳ (ಎಲೆಯಡಿಕೆ) ಹಾಕುತ್ತೇನೆ, ಹೊಗೆಸೊಪ್ಪೂ ಸ್ವಲ್ಪ ಇರುತ್ತದೆ. ಕೆಳಗಿನ ಮುಂದಿನ ಹಲ್ಲುಗಳ ವಸಡು ಇಳಿದಿತ್ತು. ಮೂರು ತಿಂಗಳ ಹಿಂದೆ ಕ್ಲೀನಿಂಗ್ ಮಾಡಿಸಿದೆ. ಆಮೇಲೆ ಹಲ್ಲುಗಳ ನಡುವೆ ಸಂದಿ ಬಿದ್ದಿದೆ, ಎರಡು ಹಲ್ಲು ಅಲ್ಲಾಡುತ್ತವೆ, ಅಪ್ಪೆಹುಳಿ ಕುಡಿದರೆ ಜುಮ್ಮೆನ್ನುತ್ತದೆ. ಮಷಿನ್ ಹಾಕಿಸಿದ್ದೇ ತಪ್ಪು ಎನ್ನುತ್ತಾರೆ ಮನೆಯವರು. ವಸಡಿನ ಒಳಗೆ ಕ್ಲೀನ್ ಮಾಡಬೇಕು, ಮತ್ತೆ ಬನ್ನಿ ಎಂದಿದ್ದಾರೆ. ಇಂಜೆಕ್ಷನ್ ಎಂದರೆ ಹೆದರಿಕೆ. ವಸಡು ಮತ್ತೆ ಬೆಳೆಯುತ್ತದೆಯೇ?

ಸಂದಿ ಕ್ಲೀನಿಂಗಿಗೆ ಮೊದಲೇ ಇತ್ತು. ಅದರಲ್ಲಿ ಗಾರೆ, ಅಂದರೆ ಹಲ್ಲಿಗೆ ಅಂಟಿ ಗಟ್ಟಿಯಾದ ಪಾಚಿ, ತುಂಬಿಕೊಂಡಿದ್ದರಿಂದ ಕಾಣುತ್ತಿರಲಿಲ್ಲ.

ಜೊಲ್ಲಿನ ಗ್ರಂಥಿಯ ನಾಳ ನಾಲಿಗೆಯ ಅಡಿಯಲ್ಲಿ, ಕೆಳಗಿನ ಮುಂದಿನ ಹಲ್ಲುಗಳ ಹಿಂದೆಯೇ ಬಾಯಿಗೆ ತೆರೆದುಕೊಳ್ಳುತ್ತದೆ. ಹಲ್ಲಿಗೆ ಅಂಟಿದ ಪಾಚಿಗೆ ಜೊಲ್ಲಿನ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಕೆಲವೇ ದಿನಗಳಲ್ಲಿ ಅದು ಗಟ್ಟಿಯಾಗತೊಡಗುತ್ತದೆ. ಆದ್ದರಿಂದ ಗಾರೆ ಮೊದಲು ಕಟ್ಟುವುದು ಅಲ್ಲೇ. ಸುಣ್ಣ ಹಚ್ಚಿದ ಕವಳ ಹಾಕುವವರಲ್ಲಿ ಅದು ಇನ್ನೂ ದಪ್ಪ, ಬಣ್ಣ ಕಪ್ಪು ಕಂದು. ವರ್ಷಗಟ್ಟಲೆ ಬಿಟ್ಟರೆ ನಾಲ್ಕೈದು ಹಲ್ಲುಗಳನ್ನು ಹಿಂದಿನಿಂದ ಒಂದೇ ಗೋಡೆಯ ಹಾಗೆ ಬೆಸೆದುಬಿಡುತ್ತದೆ. ಒಳಗೆ ಆ ಹಲ್ಲುಗಳನ್ನು ಹಿಡಿದಿದ್ದ ಮೂಳೆ ಕರಗುತ್ತಿರುತ್ತದೆ. ಬುಡಕ್ಕೆ ಗೆದ್ದಲು ಹಿಡಿದ ಕಂಬಗಳಿಗೆ ಅಡ್ಡಪಟ್ಟಿ ಹೊಡೆದಿಟ್ಟಿದ್ದರೆ ಅಲ್ಲಾಡುವುದು ಗೊತ್ತಾಗದು, ಪಟ್ಟಿ ಕಿತ್ತ ದಿನ ಗೊತ್ತಾಗುತ್ತದೆ. ನಿಮಗೆ ಆಗಿದ್ದು ಅದೇ. ಊದಿಕೊಂಡಿದ್ದ ವಸಡು ಕ್ಲೀನಿಂಗ್ ಆದ ಮೇಲೆ ಬಾವು ಇಳಿದು ಒಂದೆರಡು ಮಿಲಿಮೀಟರ್ ಕೆಳಗೆ ಕೂರುತ್ತದೆ, ಹಾಗಾಗಿ ಸಂದಿ ಮತ್ತೂ ದೊಡ್ಡದಾಗಿ ಕಾಣುತ್ತದೆ. ಕ್ಲೀನಿಂಗಿಗೆ ಮುಂಚಿನ ಎಕ್ಸ್‌ರೇ ಇದ್ದರೆ ತೆಗೆಸಿ ನೋಡಿ. ಆರೋಗ್ಯವಾಗಿದ್ದರೆ ಮೂಳೆಯ ಅಂಚು ಹಲ್ಲಿನ ಬಿಳಿ ಪದರ ಮುಗಿಯುವ ಜಾಗದಿಂದ ಒಂದೆರಡು ಮಿಲಿಮೀಟರ್ ಅಷ್ಟೇ ದೂರ ಇರಬೇಕು. ನಿಮ್ಮದು ಬೇರಿನ ಅರ್ಧಕ್ಕೆ ಇಳಿದಿದ್ದರೆ ಅದು ಅರ್ಧ ಗಂಟೆಯ ಮಷಿನ್ ಮಾಡುವ ಕೆಲಸವಲ್ಲ, ವರ್ಷಗಳ ಕೆಲಸ.

ಮಷಿನ್ ಹಲ್ಲನ್ನು ಕೆರೆಯುತ್ತದೆ ಎಂಬ ಮಾತಿಗೂ ಇಲ್ಲೇ ಉತ್ತರ. ಅದರ ತುದಿ ಸೆಕೆಂಡಿಗೆ 25 ಸಾವಿರಕ್ಕೂ ಹೆಚ್ಚು ಸಲ ಕಂಪಿಸಿ ಗಾರೆಯನ್ನು ಒಡೆಯುತ್ತದೆ, ಬಿಸಿಯಾಗದಿರಲಿ ಎಂದು ನೀರು ಬರುತ್ತದೆ. ತುದಿಯ ಪಕ್ಕವನ್ನು ಹಲ್ಲಿಗೆ ಸವರುವಂತೆ ಹಿಡಿದು ಆಡಿಸುತ್ತಲೇ ಇದ್ದರೆ ಹಲ್ಲಿಗೆ ಏನೂ ಆಗುವುದಿಲ್ಲ. ಆದರೆ ಸಂದಿ ಕಾಣುತ್ತದೆ, ಹಲ್ಲು ಅಲ್ಲಾಡಬಹುದು ಎಂದು ಮೊದಲೇ ಹೇಳದೆ ಮಷಿನ್ ಹಚ್ಚುವ ವೈದ್ಯರ ಮೇಲೆ ನನಗೂ ಸಿಟ್ಟಿದೆ. ಆ ಎರಡು ಮಾತು ಹೇಳಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ.

ಈಗ ಎರಡನೇ ಭೇಟಿ. ಹೋಗಲೇಬೇಕು. ಮೊದಲ ಸಲ ತೆಗೆದದ್ದು ಕಣ್ಣಿಗೆ ಕಾಣುವ ಗಾರೆ. ರೋಗ ಇರುವುದು ವಸಡಿನ ಒಳಗೆ. ಮಿಲಿಮೀಟರ್ ಗುರುತಿನ ಸಣ್ಣ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ನಡುವೆ ಇಳಿಸಿ, ಒಂದೊಂದು ಹಲ್ಲಿಗೆ ಆರು ಕಡೆ ಅಳೆಯುತ್ತಾರೆ. 1ರಿಂದ 3 ಮಿ.ಮೀ. ಬಂದು ರಕ್ತ ಬರದಿದ್ದರೆ ಚಿಂತೆಯಿಲ್ಲ. 4 ದಾಟಿ ರಕ್ತ ಬಂದರೆ ಅಲ್ಲಿ ಗಾರೆ ಉಳಿದಿದೆ, ಅಲ್ಲಿಗೆ ಬ್ರಷ್ ಮುಟ್ಟುವುದಿಲ್ಲ. ಅಳೆದ ಅಂಕಿಗಳ ಹಾಳೆಯ ಫೋಟೋ ತೆಗೆದುಕೊಳ್ಳಿ. ಅಳೆಯದೆಯೇ ‘ಡೀಪ್ ಕ್ಲೀನಿಂಗ್ ಬೇಕು’ ಎಂದವರ ಬಳಿ ಕುರ್ಚಿ ಏರಬೇಡಿ.

ಇಂಜೆಕ್ಷನ್ನಿನ ಹೆದರಿಕೆಗೆ ನಾಚಿಕೊಳ್ಳುವುದು ಬೇಡ, ಹೋದ ಕೂಡಲೇ ಹೇಳಿಬಿಡಿ. ಮೊದಲು ವಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿ ಒಂದೆರಡು ನಿಮಿಷ ಬಿಡಲು ಕೇಳಿ. ಔಷಧಿಯನ್ನು ನಿಧಾನವಾಗಿ, ನಿಮಿಷಕ್ಕೆ ಒಂದು ಮಿಲಿಲೀಟರಿನಂತೆ ಬಿಟ್ಟರೆ ನೋವು ಬಹಳ ಕಡಿಮೆ. ಚುರುಕ್ ಎನ್ನುವುದು ಹೆಚ್ಚಾಗಿ ಅವಸರದಿಂದ ಒತ್ತಿದಾಗ. ಔಷಧಿಯಲ್ಲಿ ಅಡ್ರಿನಾಲಿನ್ ಇದ್ದರೆ ಒಂದೆರಡು ನಿಮಿಷ ಎದೆ ಡವಗುಟ್ಟಬಹುದು. ಅದನ್ನೇ ‘ನನಗೆ ಆ ಇಂಜೆಕ್ಷನ್ ಆಗಿಬರುವುದಿಲ್ಲ’ ಎಂದು ಜೀವಮಾನವಿಡೀ ಹೇಳಿಕೊಂಡು ತಿರುಗುವವರು ಬೇಕಷ್ಟಿದ್ದಾರೆ. ಎಡಗೈ ಎತ್ತಿದರೆ ನಿಲ್ಲಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಬೆಳಗಿನ ಹೊತ್ತು, ತಿಂಡಿ ತಿಂದು ಹೋಗಿ. ಖಾಲಿ ಹೊಟ್ಟೆಯಲ್ಲಿ ಹೋಗಿ ತಲೆ ತಿರುಗಿ ಬಿದ್ದರೆ ಅದಕ್ಕೂ ಇಂಜೆಕ್ಷನ್ನೇ ಬೈಸಿಕೊಳ್ಳುತ್ತದೆ. ಮರಗಟ್ಟಿದ್ದು ಬಿಡಲು ಎರಡು ಮೂರು ತಾಸು ಬೇಕು. ಅಲ್ಲಿಯತನಕ ಬಿಸಿ ಚಹಾ ಬೇಡ, ತುಟಿ ಸುಟ್ಟರೂ ಗೊತ್ತಾಗದು.

ಮನೆಯಲ್ಲಿ ಮಾಡಬೇಕಾದ್ದು. ಸಂದಿ ಬಿದ್ದ ಹಲ್ಲಿಗೆ, ಹಲ್ಲುಗಳ ನಡುವೆ ಎಳೆದು ತೆಗೆಯುವ ದಾರ (ಫ್ಲಾಸ್) ಸಾಲದು. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಇಂಟರ್‌ಡೆಂಟಲ್ ಬ್ರಷ್ ಬೇಕು. ಅಳತೆಯನ್ನು ವೈದ್ಯರಿಂದಲೇ ಗೊತ್ತು ಮಾಡಿಸಿಕೊಳ್ಳಿ. ತಂತಿ ಹಲ್ಲಿಗೆ ಉಜ್ಜಬಾರದು, ಎಳೆಗಳು ಮಾತ್ರ ಎರಡೂ ಬದಿಗೆ ತಾಗಿ ಸ್ವಲ್ಪ ಬಿಗಿಯಾಗಿ ಹೋಗಬೇಕು. ಮುಂಭಾಗದ ಹಲ್ಲಿಗೂ ದವಡೆ ಹಲ್ಲಿಗೂ ಬೇರೆ ಬೇರೆ ಅಳತೆ ಬೇಕಾದೀತು. ರಾತ್ರಿ ಒಂದು ಸಲ ಸಾಕು. ಮೊದಲ ವಾರ ರಕ್ತ ಬರುತ್ತದೆ, ಅದನ್ನು ನೋಡಿ ಬಿಟ್ಟುಬಿಡಬೇಡಿ.

ಜುಮ್ಮೆನ್ನುವುದಕ್ಕೆ ಶೇಕಡಾ 5 ಪೊಟ್ಯಾಸಿಯಂ ನೈಟ್ರೇಟ್ ಇರುವ, ಫ್ಲೋರೈಡ್ ಕೂಡ ಇರುವ ಪೇಸ್ಟ್ ತನ್ನಿ. ಕೊಳವೆಯ ಹಿಂಬದಿಯಲ್ಲಿ ಬರೆದಿರುತ್ತದೆ, ಕನ್ನಡಕ ಹಾಕಿ ಓದಿ. ಉಜ್ಜಿದ ಮೇಲೆ ಬಟಾಣಿಯಷ್ಟು ಪೇಸ್ಟನ್ನು ಬೆರಳಲ್ಲಿ ಬೇರು ಕಾಣುವಲ್ಲಿ ಸವರಿ, ಉಗಿಯಿರಿ. ನೀರು ಹಾಕಿ ಮುಕ್ಕಳಿಸಬೇಡಿ. ಗುಣ ಕಾಣಲು ಎರಡರಿಂದ ನಾಲ್ಕು ವಾರ. ಮೂರೇ ದಿನಕ್ಕೆ ‘ಪ್ರಯೋಜನವಿಲ್ಲ’ ಎಂದು ಬಿಡುವವರೇ ಹೆಚ್ಚು. ತಣ್ಣಗಿನದು ತಾಗಿದಾಗ ಜುಮ್ಮೆಂದು ಕೂಡಲೇ ಹೋದರೆ ಅದು ಬೇರಿನದು. ತಣ್ಣಗಿನದು ಹೋದ ಮೇಲೂ ನಿಮಿಷಗಟ್ಟಲೆ ನೋವು ಉಳಿದರೆ ಅಥವಾ ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಹಲ್ಲಿನ ನರಕ್ಕೆ ತಾಗಿದೆ, ಯಾವ ಪೇಸ್ಟೂ ಅದಕ್ಕೆ ಆಗದು.

ಅಪ್ಪೆಹುಳಿ, ಮುರುಗಲು ಪಾನಕ, ಸೋಲ್‌ಕಡಿ, ಇವನ್ನು ಬಿಡಿ ಎಂದು ನಮ್ಮ ಜಿಲ್ಲೆಯಲ್ಲಿ ಹೇಳಿದರೆ ಕೇಳುವವರಾರು. ಊಟದ ಜೊತೆಗೇ ಕುಡಿಯಿರಿ, ಬಾಯಲ್ಲಿ ಆಡಿಸುತ್ತ ಕೂರಬೇಡಿ. ಕುಡಿದ ಮೇಲೆ ನೀರಲ್ಲಿ ಮುಕ್ಕಳಿಸಿ, ಅರ್ಧ ತಾಸಾದರೂ ಬ್ರಷ್ ಮುಟ್ಟಬೇಡಿ. ಹುಳಿಯಿಂದ ಮೆತ್ತಗಾದ ಬೇರನ್ನು ಆಗಲೇ ಉಜ್ಜಿದರೆ ಸವೆಯುತ್ತದೆ. ಬೇರಿನ ಮೇಲೆ ಹಲ್ಲಿನ ತುದಿಯಲ್ಲಿರುವ ಗಟ್ಟಿ ಪದರ ಇಲ್ಲ, ಸ್ವಲ್ಪ ಹುಳಿಗೇ ಕರಗುತ್ತದೆ.

ವಸಡು ಬೆಳೆಯುತ್ತದೆಯೇ? ತಾನಾಗಿ ಬೆಳೆಯುವುದಿಲ್ಲ, ಯಾವ ಎಣ್ಣೆಗೂ ಯಾವ ಕಷಾಯಕ್ಕೂ ಬೆಳೆಯುವುದಿಲ್ಲ. ಹಲ್ಲುಗಳ ನಡುವಿನ ಮೂಳೆ ಹೋಗಿ ಕಪ್ಪು ತ್ರಿಕೋನ ಬಿದ್ದಲ್ಲಿ, ಅಂಗುಳಿನ ಪದರ ತಂದು ಕಸಿ ಮಾಡಿದರೂ ಮೊದಲಿನ ಮಟ್ಟಕ್ಕೆ ಬಾರದು. ಇದ್ದಷ್ಟನ್ನು ಉಳಿಸಿಕೊಳ್ಳುವುದೇ ನಿಮ್ಮ ಚಿಕಿತ್ಸೆ. ಒಳಗಿನ ಕ್ಲೀನಿಂಗ್ ಆಗಿ ಆರರಿಂದ ಎಂಟು ವಾರಕ್ಕೆ ಮತ್ತೆ ಅಳೆಸಿ, ಆಮೇಲೆ ಮೂರು ತಿಂಗಳಿಗೊಮ್ಮೆ ತೋರಿಸಿ. ಅಲ್ಲಾಡುವ ಎರಡು ಹಲ್ಲುಗಳನ್ನು ಹಿಂಬದಿಯಿಂದ ಪಕ್ಕದ ಹಲ್ಲುಗಳಿಗೆ ತೆಳು ತಂತಿ ಅಥವಾ ನಾರು ಅಂಟಿಸಿ ಕಟ್ಟಬಹುದು. ಆದರೆ ಒಳಗಿನ ರೋಗ ನಿಂತ ಮೇಲೆ.

ಕವಳದ ವಿಷಯ ಕೊನೆಗೆ ಹೇಳುತ್ತಿದ್ದೇನೆ, ಮೊದಲೇ ಹೇಳಿದ್ದರೆ ಮುಂದೆ ಓದುತ್ತಿರಲಿಲ್ಲ. ಅಡಿಕೆ ಬೆಳೆದು ಬದುಕುವ ಜನರಿಗೆ ಇದನ್ನು ಹೇಳುವುದು ಸುಲಭವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪಂತೂ ಇವತ್ತೇ ನಿಲ್ಲಬೇಕು.  ಕನ್ನಡಿ ಮುಂದೆ ಬಾಯಿ ತೆರೆದು ನಿಮ್ಮದೇ ಮೂರು ಬೆರಳು ನೆಟ್ಟಗೆ ಒಳಗೆ ಹೋಗುತ್ತವೆಯೇ ನೋಡಿ. ಹೋಗದಿದ್ದರೆ ಅಡಿಕೆಯಿಂದ ಬಾಯಿ ಬಿಗಿಯುತ್ತಿರಬಹುದು, ವಸಡಿನ ಚಿಂತೆ ಬಿಟ್ಟು ಮೊದಲು ಅದನ್ನು ತೋರಿಸಿ. ಎರಡು ವಾರದಲ್ಲಿ ಮಾಯದ ಹುಣ್ಣಿದ್ದರೂ ಅಷ್ಟೇ.

ಕಾರವಾರ, 24 ವರ್ಷ. ಗಾರೆ ಇಲ್ಲ, ರಕ್ತವಿಲ್ಲ. ಎಡಗಡೆ ಮೇಲಿನ ಕೋರೆಹಲ್ಲಿನ ವಸಡು ಮಾತ್ರ ಏರಿದೆ. ಕಸಿ ಮಾಡಿಸಲೇ?

ಬಲಗೈಯಲ್ಲಿ ಉಜ್ಜುವವರಿಗೆ ಒತ್ತಡ ಜಾಸ್ತಿ ಬೀಳುವುದು ಎಡಗಡೆಯ ಕೋರೆಹಲ್ಲಿಗೆ. ನಿಮ್ಮ ಬ್ರಷ್ಷಿನ ಎಳೆಗಳು ತಿಂಗಳೊಳಗೆ ಹೊರಗೆ ಬಾಗುತ್ತಿದ್ದರೆ ತಪ್ಪು ಕೈಯದು. ಮೃದು ಎಳೆಯ ಬ್ರಷ್ ತನ್ನಿ, ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಹಿಡಿಯಿರಿ. ಎಳೆಗಳನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು, ಎರಡೆರಡು ಹಲ್ಲಿಗೆ ಹತ್ತರಿಂದ ಹದಿನೈದು ಸಲ, ಇದ್ದಲ್ಲೇ ನಡುಗಿಸಿದ ಹಾಗೆ ಆಡಿಸಿ. ಗರಗಸ ಎಳೆದಂತೆ ಬೇಡ. ನಿಮ್ಮದು ಕಸಿಗೆ ಒಳ್ಳೆಯ ಫಲ ಸಿಗುವ ಬಗೆ, ಏಕೆಂದರೆ ಹಲ್ಲುಗಳ ನಡುವಿನ ಮೂಳೆ ಗಟ್ಟಿಯಿರುವಂತಿದೆ. ಅಂಗುಳಿನಿಂದ ತೆಳು ಪದರ ತೆಗೆದು ಬೇರಿನ ಮೇಲೆ ಹೊಲಿಯುತ್ತಾರೆ. ಹೊಲಿಗೆ ಹತ್ತು ಹದಿನಾಲ್ಕು ದಿನಕ್ಕೆ ತೆಗೆಯುತ್ತಾರೆ, ಎರಡು ಮೂರು ವಾರ ಅಲ್ಲಿ ಬ್ರಷ್ ಬೇಡ. ಅವಸರ ಮಾತ್ರ ಬೇಡ. ಈಗ ಎಷ್ಟು ಮಿಲಿಮೀಟರ್ ಇದೆ ಎಂದು ಅಳೆಸಿಟ್ಟು, ಉಜ್ಜುವ ಕೈ ತಿದ್ದಿಕೊಂಡು ಆರು ತಿಂಗಳು ನೋಡಿ. ಕೈ ತಿದ್ದದೆ ಕಸಿ ಮಾಡಿಸಿದರೆ ಅದೂ ಸವೆಯುತ್ತದೆ. ಕಸಿ ಮಾಡಿಸುವುದಿದ್ದರೆ ವಸಡಿನ ಎಂಡಿಎಸ್ (ದಂತವೈದ್ಯದ ಸ್ನಾತಕೋತ್ತರ ಪದವಿ) ಓದಿದವರನ್ನು ಹುಡುಕಿ. ಧಾರವಾಡ, ಮಣಿಪಾಲದ ದಂತ ಕಾಲೇಜುಗಳಲ್ಲಿ ಅದಕ್ಕೆಂದೇ ವಿಭಾಗವಿದೆ.

ಇದ್ದಿಲು, ಪುಡಿ ಉಪ್ಪಿನಲ್ಲಿ ಉಜ್ಜಿದರೆ ವಸಡು ಗಟ್ಟಿಯಾಗುತ್ತದೆಯೇ?

ಸವೆಯುತ್ತದೆ.

ಎಣ್ಣೆ ಮುಕ್ಕಳಿಸಬಹುದೇ?

ಮುಕ್ಕಳಿಸಿ. ಗಾರೆಯ ಒಂದು ಚೂರೂ ಬಿಡುವುದಿಲ್ಲ.

ಅಮ್ಮ ವರ್ಷಗಳಿಂದ ಮಶೇರಿಯಲ್ಲಿ ಹಲ್ಲುಜ್ಜುತ್ತಾರೆ, ಹಲ್ಲುನೋವೇ ಇಲ್ಲ.

ಮಶೇರಿ ಸುಟ್ಟ ತಂಬಾಕು. ನೋವಿಲ್ಲ ಎಂದರೆ ರೋಗವಿಲ್ಲ ಎಂದಲ್ಲ, ವಸಡಿನ ರೋಗ ಹಲ್ಲು ಬೀಳುವ ತನಕವೂ ನೋಯದೆ ಇರಬಲ್ಲದು. ಅಮ್ಮನವರ ವಸಡನ್ನೂ ಕೆನ್ನೆಯ ಒಳಭಾಗವನ್ನೂ ಈ ತಿಂಗಳೇ ತೋರಿಸಿ.

ಜಾತ್ರೆಯಲ್ಲಿ ಒಂದು ದ್ರವ ಹಚ್ಚಿದರು, ಕ್ಷಣದಲ್ಲಿ ಹಲ್ಲು ಬೆಳ್ಳಗಾಯಿತು.

ಆಸಿಡ್. ಬೆಳ್ಳಗಾದದ್ದು ಹಲ್ಲಿನ ಮೇಲ್ಪದರ ಕರಗಿ. ಆ ಪದರ ಹೋದರೆ ಹೋಯಿತು. ಹಲ್ಲಿನಿಂದ ‘ಹುಳ’ ತೆಗೆದು ತೋರಿಸುವವರೂ ಅದೇ ಸಾಲಿನಲ್ಲಿ ಕೂತಿರುತ್ತಾರೆ, ಆ ಹುಳ ಅವರ ಕೈಯಲ್ಲೇ ಇರುತ್ತದೆ. ಕುರ್ಚಿಯಲ್ಲಿ ಕೂರುವ ಮುನ್ನ ಗೋಡೆಯ ಮೇಲೆ ಕರ್ನಾಟಕ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿ, ಇಲ್ಲದಿದ್ದರೆ ಕೇಳಿ.

ವಸಡು ಊದಿದಾಗಲೆಲ್ಲ ಮೆಡಿಕಲ್‌ನಿಂದ ಅಮಾಕ್ಸಿಸಿಲಿನ್ ತರುತ್ತೇನೆ, ಇಳಿಯುತ್ತದೆ.

ಮತ್ತೆ ಊದುತ್ತದೆ ಎಂದು ನೀವೇ ಬರೆದಿದ್ದೀರಿ. ಗಾರೆಗೆ ಅಂಟಿದ ಪಾಚಿಯೊಳಕ್ಕೆ ಗುಳಿಗೆ ಇಳಿಯುವುದಿಲ್ಲ. ಪದೇಪದೇ ಊದುವುದಿದ್ದರೆ ಸಕ್ಕರೆ ಕಾಯಿಲೆಯ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ.

ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ಮುಕ್ಕಳಿಸುವ ದ್ರವ ದಿನವೂ ಬಳಸುತ್ತಿದ್ದೇನೆ, ಹಲ್ಲು ಕಂದಾಗಿದೆ.

ಎರಡು ವಾರಕ್ಕಿಂತ ಹೆಚ್ಚು ಯಾರು ಹೇಳಿದರು? ಶೇಕಡಾ 0.2ರದ್ದಾದರೆ 10 ಮಿ.ಲೀ., ಒಂದು ನಿಮಿಷ, ದಿನಕ್ಕೆರಡು ಸಲ, ಪೇಸ್ಟಿನಲ್ಲಿ ಉಜ್ಜಿ ಅರ್ಧ ತಾಸಾದ ಮೇಲೆ. ಆ ಕಂದು ಕಲೆ ಕ್ಲೀನಿಂಗಿನಲ್ಲಿ ಹೋಗುತ್ತದೆ.

ಅಪ್ಪನಿಗೆ ಹೃದಯದ ಸ್ಟೆಂಟ್ ಆಗಿದೆ. ಕ್ಲೀನಿಂಗಿಗೆ ಮೊದಲು ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲೇ?

ಖಂಡಿತ ನಿಲ್ಲಿಸಬೇಡಿ. ವಸಡಿನ ರಕ್ತವನ್ನು ಹತ್ತಿ ಒತ್ತಿ ನಿಲ್ಲಿಸಬಹುದು, ಸ್ಟೆಂಟಿನಲ್ಲಿ ಕಟ್ಟಿದ ರಕ್ತವನ್ನು ಹಾಗೆ ಬಿಡಿಸಲಾಗದು. ಬದಲಾಯಿಸುವುದಿದ್ದರೆ ಹೃದಯದ ವೈದ್ಯರು ಹೇಳಬೇಕು, ಹಲ್ಲಿನವರಾಗಲಿ ನೆರೆಮನೆಯವರಾಗಲಿ ಅಲ್ಲ. ಅಪ್ಪನವರು ಬಿಪಿಗೆ ಅಮ್ಲೋಡಿಪಿನ್ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಕೆಲವರಿಗೆ ಅದರಿಂದ ವಸಡು ಬೆಳೆದು ಹಲ್ಲನ್ನು ಮುಚ್ಚುತ್ತದೆ. ಹೃದಯದ ಕವಾಟ ಬದಲಿಸಿದವರಾದರೆ ಕ್ಲೀನಿಂಗಿಗೆ ಮುಂಚೆ ಆಂಟಿಬಯಾಟಿಕ್ ಬೇಕಾಗುತ್ತದೆ, ಹೇಳದೆ ಕುರ್ಚಿ ಏರಬಾರದು. ‘ಬಿಳಿ ಗುಳಿಗೆ, ಸಣ್ಣದು’ ಎಂದು ವಿವರಿಸಿದರೆ ಯಾರಿಗೂ ಅರ್ಥವಾಗದು, ಗುಳಿಗೆಯ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ.