‘ಲೋಕದ ಮದ್ಯಗಳು’ ಲೇಖನದ ಕುರಿತು ಪೆರ್ಲದ ಲೇಖಕರಿಗೆ

ಮಾನ್ಯರೇ, ನಮಸ್ಕಾರ.

ನೀವು ಕಾಸರಗೋಡಿನ ಪೆರ್ಲದಿಂದ ಕಳುಹಿಸಿದ ‘ಲೋಕದ ಮದ್ಯಗಳು’ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ವಿಸ್ಕಿ, ಬ್ರಾಂಡಿ, ರಮ್, ಟಕೀಲಾ, ಜಿನ್, ವೋಡ್ಕಾ ಎಂಬ ಆರು ಉಪಶೀರ್ಷಿಕೆಗಳಡಿ ನೀವು ಕಲೆಹಾಕಿರುವ ಮಾಹಿತಿಯ ಹಿಂದೆ ಶ್ರಮವಿದೆ, ಭಾಷೆಯೂ ಶುದ್ಧವಾಗಿದೆ. ಆದರೆ ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ವಿಷಯ ಮದ್ಯವೆಂಬ ಸಂಕೋಚ ಇದಕ್ಕೆ ಕಾರಣವಲ್ಲ. ಬೇಸಾಯ, ರಸಾಯನಶಾಸ್ತ್ರ, ಕಾನೂನು, ವ್ಯಾಪಾರ ಇಷ್ಟೂ ಒಂದೆಡೆ ಸೇರುವ ವಿಷಯಗಳು ಕಡಿಮೆ, ಅದನ್ನು ಕನ್ನಡದಲ್ಲಿ ಗಂಭೀರವಾಗಿ ಬರೆಯುವವರು ಇನ್ನೂ ಕಡಿಮೆ. ಹಾಗಾಗಿಯೇ ನಿಮಗೆ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ. ನಿಮ್ಮ ಲೇಖನದಲ್ಲಿ ಹೆಸರುಗಳಿವೆ, ಅಂಕೆಗಳಿವೆ, ಆದರೆ ಅವು ಹಾಗೇಕಿವೆ ಎಂಬುದಕ್ಕೆ ಕಾರಣ ಎಲ್ಲಿಯೂ ಇಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಸ್ಕಾಚ್ ವಿಸ್ಕಿ ಸ್ಕಾಟ್‌ಲೆಂಡಿನಲ್ಲಿಯೇ ಓಕ್ ಪೀಪಾಯಿಯೊಳಗೆ ಕನಿಷ್ಠ 3 ವರ್ಷ ಇರಬೇಕೆಂದು ಎರಡನೆಯ ಪುಟದಲ್ಲಿ ಬರೆದಿದ್ದೀರಿ. ಅಮೆರಿಕದ ಬರ್ಬನ್ ವಿಸ್ಕಿಯಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದಂತೆ ಮುಸುಕಿನ ಜೋಳ ಇರಬೇಕು, ಅದನ್ನು ಒಳಭಾಗ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ತುಂಬಬೇಕು ಎಂದು ಮೂರನೆಯ ಪುಟದಲ್ಲಿದೆ. ಎರಡೂ ಸರಿಯಾದ ಮಾತುಗಳೇ. ಆದರೆ ಇವೆರಡರ ನಡುವೆ ಇರುವ ಕೊಂಡಿ ನಿಮ್ಮ ಕೈತಪ್ಪಿದೆ. ಬರ್ಬನ್ ತಯಾರಿಸುವವರು ಒಮ್ಮೆ ಬಳಸಿದ ಪೀಪಾಯಿಯನ್ನು ಬರ್ಬನ್ನಿಗೆ ಮತ್ತೆ ಬಳಸುವಂತಿಲ್ಲವಾದ್ದರಿಂದ ಅಂಥ ಪೀಪಾಯಿಗಳು ದೊಡ್ಡ ಸಂಖ್ಯೆಯಲ್ಲಿ ಸ್ಕಾಟ್‌ಲೆಂಡಿಗೆ ಹೋಗುತ್ತವೆ. ಒಮ್ಮೆ ಕುದಿಸಿದ ಚಹಾಪುಡಿ ಎರಡನೆಯ ಸಲ ನಿಧಾನವಾಗಿ ಬಣ್ಣ ಬಿಡುವಂತೆ, ಆ ಹಳೆಯ ಮರ ತನ್ನ ಸತ್ವವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಸ್ಕಾಚ್ ಪೀಪಾಯಿಯಲ್ಲಿ ಹೆಚ್ಚು ಕಾಲ ಇರುವುದಕ್ಕೆ ಅಲ್ಲಿನ ಚಳಿಯ ಜೊತೆಗೆ ಇದೂ ಒಂದು ಕಾರಣ. ಈ ಕೊಂಡಿಯನ್ನು ಹಾಕಿಕೊಟ್ಟರೆ ನಿಮ್ಮ ಎರಡು ಪುಟಗಳು ಒಂದೇ ಕಥನವಾಗುತ್ತವೆ.

ನನಗೆ ಹೆಚ್ಚು ಅಸಮಾಧಾನ ತಂದದ್ದು ‘ಹಳೆಯದಾದಷ್ಟೂ ಉತ್ತಮ’ ಎಂದು ನೀವು ನಾಲ್ಕು ಕಡೆ ಬರೆದಿರುವುದು. ಪೀಪಾಯಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ನೀವು ಒಂದು ಕಡೆಯೂ ಹೇಳಿಲ್ಲ. ಸುಟ್ಟ ಮರದ ಇದ್ದಿಲ ಪದರವು ಹೊಸ ಮದ್ಯದಲ್ಲಿರುವ ಗಂಧಕಯುಕ್ತ ಕಮಟನ್ನು ಹೀರಿಕೊಳ್ಳುತ್ತದೆ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಒಡೆದು ವೆನಿಲ್ಲಾ ವಾಸನೆಯ ವೆನಿಲಿನ್ ಹುಟ್ಟುತ್ತದೆ. ಮರದಲ್ಲಿರುವ ಟ್ಯಾನಿನ್ ಒಗರನ್ನೂ ಬಣ್ಣವನ್ನೂ ಕೊಡುತ್ತದೆ. ಮರದ ಸೂಕ್ಷ್ಮ ರಂಧ್ರಗಳಿಂದ ಒಳಬರುವ ಗಾಳಿಯ ಆಮ್ಲಜನಕ ಉಳಿದ ಒರಟುತನವನ್ನು ತಗ್ಗಿಸುತ್ತದೆ. ಈ ಕೆಲಸಗಳು ಒಂದು ಹಂತದವರೆಗೆ ಒಳ್ಳೆಯವು, ಆ ಹಂತವನ್ನು ದಾಟಿದರೆ ಬಾಯಲ್ಲಿ ಮರದ ಕಹಿ ಮಾತ್ರ ಉಳಿಯುತ್ತದೆ. ಬಾಟಲಿಗೆ ಇಳಿಸಿದ ದಿನವೇ ಇದೆಲ್ಲ ನಿಲ್ಲುತ್ತದೆ. ಆದ್ದರಿಂದ ಕಪಾಟಿನಲ್ಲಿ ಇಪ್ಪತ್ತು ವರ್ಷ ಇಟ್ಟ 12 ವರ್ಷದ ಸ್ಕಾಚ್ 12 ವರ್ಷದ್ದೇ ಆಗಿರುತ್ತದೆ. ಆ 12 ಎಂಬ ಅಂಕೆಯೂ ಬಾಟಲಿಯೊಳಗಿನ ಮಿಶ್ರಣದಲ್ಲಿ ಅತ್ಯಂತ ಎಳೆಯದಾದ ವಿಸ್ಕಿಯ ವಯಸ್ಸು. ನೀವು ಬರೆದಂತೆ ಸರಾಸರಿ ಅಲ್ಲ. ಕಡುಬಣ್ಣವನ್ನು ವಯಸ್ಸಿನ ಗುರುತೆಂದು ಹೇಳಿರುವುದನ್ನೂ ತೆಗೆಯಬೇಕು, ಏಕೆಂದರೆ ಸ್ಕಾಚಿಗೆ ಸುಟ್ಟ ಸಕ್ಕರೆಯ ಬಣ್ಣ ಸೇರಿಸಲು ಕಾನೂನಿನ ಅನುಮತಿಯಿದೆ.

ಇನ್ನು ಸೆಕೆಯ ಮಾತು. ಸ್ಕಾಟ್‌ಲೆಂಡಿನ ಉಗ್ರಾಣದಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇಕಡಾ 2ರಷ್ಟು ಆವಿಯಾಗಿ ಹೋಗುತ್ತದೆ. ಬೆಂಗಳೂರಿನಲ್ಲಿ ಈ ನಷ್ಟ ಶೇಕಡಾ 10ರಿಂದ 12ರವರೆಗೆ ಇರುತ್ತದೆ. ಲೆಕ್ಕ ಹಾಕಿ ನೋಡಿ: 100 ಲೀಟರ್ ತುಂಬಿಸಿ 12 ವರ್ಷ ಬಿಟ್ಟರೆ ಸ್ಕಾಟ್‌ಲೆಂಡಿನಲ್ಲಿ ಸುಮಾರು 78 ಲೀಟರ್ ಉಳಿಯುತ್ತದೆ, ವರ್ಷಕ್ಕೆ ಶೇಕಡಾ 10 ಹೋದರೂ ಬೆಂಗಳೂರಿನಲ್ಲಿ ಉಳಿಯುವುದು ಸುಮಾರು 28 ಲೀಟರ್. ಅದೇ ಸೆಕೆಯಿಂದಾಗಿ ಮರದ ಸತ್ವವೂ ಬೇಗ ಇಳಿಯುತ್ತದೆ. ಬೆಂಗಳೂರಿನ ಅಮೃತ್ ಸಂಸ್ಥೆ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಭಟ್ಟಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದ ತಯಾರಾದ ವಿಸ್ಕಿಯನ್ನು) 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿ, ಹತ್ತಾರು ವರ್ಷ ಕಾಯದೆಯೂ ಒಳ್ಳೆಯ ಮಾಲ್ಟ್ ವಿಸ್ಕಿ ಸಾಧ್ಯವೆಂದು ತೋರಿಸಿಕೊಟ್ಟಿತು. ಕನ್ನಡದ ಓದುಗರಿಗೆ ಇಷ್ಟು ಹತ್ತಿರದ ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲವೆಂಬುದು ನನಗೆ ನಿಜಕ್ಕೂ ಬೇಸರ ತಂದಿತು. ವಯಸ್ಸಿನ ಅಂಕೆಯನ್ನು ಊರಿನ ಹವೆಯಿಂದ ಬೇರ್ಪಡಿಸಿ ಹೇಳಿದರೆ ಅದಕ್ಕೆ ಅರ್ಥವೇ ಉಳಿಯುವುದಿಲ್ಲ.

ಮೆಕ್ಸಿಕೋದ ಮದ್ಯವಾದ ಟಕೀಲಾದ ಭಾಗದಲ್ಲಿಯೂ ಇದೇ ತೊಂದರೆ. ಪೀಪಾಯಿಯಲ್ಲಿ ಮಾಗಿಸಿದ ಟಕೀಲಾದ ದರ್ಜೆಗಳಲ್ಲಿ ರೆಪೊಸಾದೋಗೆ ಕನಿಷ್ಠ 2 ತಿಂಗಳು, ಅನ್ಯೆಹೋಗೆ ಕನಿಷ್ಠ 1 ವರ್ಷ ಎಂದು ಬರೆದು, ಸ್ಕಾಚಿನ ಮುಂದೆ ಇದು ‘ಎಳೆಯ ಮದ್ಯ’ ಎಂದು ತೀರ್ಮಾನಿಸಿದ್ದೀರಿ. ಸ್ಕಾಚಿಗೆ ಬೇಕಾದ ಬಾರ್ಲಿ ಕೆಲವು ತಿಂಗಳ ಬೆಳೆ. ಆದರೆ ಟಕೀಲಾಕ್ಕೆ ಬೇಕಾದ ನೀಲಿ ಅಗಾವೆ ಎಂಬ ಕತ್ತಾಳೆ ಜಾತಿಯ ಗಿಡ ಹೊಲದಲ್ಲಿ ಬಲಿಯಲು ಆರೇಳು ವರ್ಷ ಹಿಡಿಯುತ್ತದೆ. ಕಾಲ ಅಲ್ಲಿಯೂ ವ್ಯಯವಾಗಿದೆ, ಪೀಪಾಯಿಯ ಬದಲು ಮಣ್ಣಿನಲ್ಲಿ. ಫ್ರಾನ್ಸಿನ ಕಾಂಞಾಕ್ ಬ್ರಾಂಡಿಯ ‘ಎಕ್ಸ್‌ಒ’ ದರ್ಜೆಗೆ ಬೇಕಾದ ಕನಿಷ್ಠ ವಯಸ್ಸೆಂದು ನೀವು ಕೊಟ್ಟಿರುವ 6 ವರ್ಷ ಹಳೆಯ ನಿಯಮ. 2018ರಿಂದ ಅದು 10 ವರ್ಷವಾಗಿದೆ.

ವರ್ಗೀಕರಣದಲ್ಲಿ ನೀವು ಹಂಡೆಯನ್ನೇ ಮರೆತಿದ್ದೀರಿ. ತಾಮ್ರದ ಹಂಡೆಯಲ್ಲಿ ಒಂದೊಂದು ಪಾಳಿಯಾಗಿ ಬಟ್ಟಿ ಇಳಿಸಿದರೆ ಧಾನ್ಯದ ಅಥವಾ ಹಣ್ಣಿನ ವಾಸನೆ ಬಹುಪಾಲು ಉಳಿಯುತ್ತದೆ. ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿಯಾಗಿದ್ದ ಈನಿಯಸ್ ಕಾಫಿ 1830ರಲ್ಲಿ ಹಕ್ಕುಪತ್ರ ಪಡೆದ, ಬಟ್ಟಿ ಇಳಿಸುವ ಎತ್ತರದ ಗೋಪುರದಲ್ಲಾದರೋ ಕೆಲಸ ನಿಲ್ಲದೆ ಸಾಗುತ್ತದೆ, ಮದ್ಯಸಾರದ ಪ್ರಮಾಣವನ್ನು ಶೇಕಡಾ 95ರ ಆಸುಪಾಸಿಗೆ ಏರಿಸಬಹುದು, ಆದರೆ ಮೂಲವಸ್ತುವಿನ ಗುಣ ಹೆಚ್ಚುಕಡಿಮೆ ಅಳಿದುಹೋಗುತ್ತದೆ. ವೋಡ್ಕಾ ಮತ್ತು ಜಿನ್ನಿನ ತಳಹದಿ ಇಂಥ ನಿರ್ಗುಣ ಮದ್ಯಸಾರ. ಜಿನ್ನಿಗೆ ಆಮೇಲೆ ಜುನಿಪರ್ ಕಾಯಿಯ ಪರಿಮಳ ಸೇರುತ್ತದೆ. ನಮ್ಮ ದೇಶದಲ್ಲಿ ವಿಸ್ಕಿಯೆಂದು ಮಾರಾಟವಾಗುವುದರಲ್ಲಿ ಹೆಚ್ಚಿನದಕ್ಕೆ ಧಾನ್ಯದ ಬದಲು ಕಾಕಂಬಿಯಿಂದ ತೆಗೆದ ಮದ್ಯಸಾರ ಸೇರಿರುವುದರಿಂದ ಐರೋಪ್ಯ ಒಕ್ಕೂಟದಲ್ಲಿ ಅದನ್ನು ವಿಸ್ಕಿಯೆಂಬ ಹೆಸರಿನಲ್ಲಿ ಮಾರುವಂತಿಲ್ಲ. ಮೂಲವಸ್ತುವಿನ ಮಹತ್ವವನ್ನೂ ಹಂಡೆ ಮತ್ತು ಗೋಪುರದ ವ್ಯತ್ಯಾಸವನ್ನೂ ಮೊದಲೇ ವಿವರಿಸಿದ್ದರೆ ಓದುಗರಿಗೆ ಈ ನಿಯಮ ತಾನಾಗಿ ಅರ್ಥವಾಗುತ್ತಿತ್ತು.

ಕೊನೆಯ ಪುಟದ ‘ಗೇರುಹಣ್ಣಿನಿಂದ ಮನೆಯಲ್ಲಿಯೇ’ ಎಂಬ ಭಾಗವನ್ನು ನಾನು ಯಾವ ಕಾರಣಕ್ಕೂ ಪ್ರಕಟಿಸುವುದಿಲ್ಲ. ನಾವಿರುವುದು ಕೇರಳದಲ್ಲಿ, ಇಲ್ಲಿ ಕಳ್ಳಿನ ಅಂಗಡಿಗೆ ಪರವಾನಗಿ ಇದೆಯಾದರೂ ಸಾರಾಯಿಯನ್ನು 1996ರಲ್ಲಿ ನಿಷೇಧಿಸಲಾಗಿದೆ, ಗಡಿಯಾಚೆ ಕರ್ನಾಟಕದಲ್ಲಿ 2007ರಲ್ಲಿ. ಮನೆಯಲ್ಲಿ ಬಟ್ಟಿ ಇಳಿಸುವುದು ಎರಡೂ ಕಡೆ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಮೊದಲು ಇಳಿಯುವ ಭಾಗವನ್ನು ಚೆಲ್ಲಿದರೆ ಮೆಥನಾಲ್ ಎಂಬ ವಿಷದ ಭಯವಿಲ್ಲವೆಂಬ ನಿಮ್ಮ ಭರವಸೆ ತಪ್ಪು. ಮೆಥನಾಲ್ 65 ಡಿಗ್ರಿಯ ಆಸುಪಾಸಿನಲ್ಲಿ, ಕುಡಿಯುವ ಮದ್ಯದಲ್ಲಿರುವ ಎಥನಾಲ್ 78 ಡಿಗ್ರಿಯಲ್ಲಿ ಕುದಿಯುತ್ತದೆಂಬುದು ನಿಜವಾದರೂ ನೀರಿನೊಡನೆ ಬೆರೆತಾಗ ಅವು ಅಷ್ಟು ಅಚ್ಚುಕಟ್ಟಾಗಿ ಬೇರ್ಪಡುವುದಿಲ್ಲ. ದೊಡ್ಡ ಕಳ್ಳಭಟ್ಟಿ ದುರಂತಗಳಲ್ಲಿ ಜನ ಸತ್ತದ್ದು ಬಹುಮಟ್ಟಿಗೆ ಕೈಗಾರಿಕೆಯ ಮೆಥನಾಲನ್ನು ಬೆರೆಸಿ ಮಾರಿದ್ದರಿಂದ. 2000ನೇ ಇಸವಿಯಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾತುಕ್ಕಲ್‌ನಲ್ಲಿ ಮೂವತ್ತಕ್ಕೂ ಹೆಚ್ಚು ಜನ ಹೀಗೆ ತೀರಿಕೊಂಡರು. ಇಂಥ ವಿಷಯದಲ್ಲಿ ಅರ್ಧ ತಿಳಿದು ಬರೆದ ಒಂದು ವಾಕ್ಯ ಒಬ್ಬರ ಕಣ್ಣನ್ನೋ ಜೀವವನ್ನೋ ತೆಗೆಯಬಲ್ಲದು.

ಆ ಪುಟದ ಜಾಗದಲ್ಲಿ ಬೇರೊಂದು ವಿಷಯ ಬರೆಯಬಹುದು. ನಮ್ಮ ಗುಡ್ಡಗಳಲ್ಲಿ ಬೀಜ ಕಿತ್ತುಕೊಂಡ ಮೇಲೆ ಗೇರುಹಣ್ಣು ಮರದ ಬುಡದಲ್ಲಿ ಕೊಳೆಯುತ್ತದೆ. ಅದೇ ಹಣ್ಣಿನಿಂದ ಗೋವಾದವರು ಮೊದಲ ಬಟ್ಟಿಯಲ್ಲಿ ಹಗುರವಾದ ಉರಾಕ್, ಮತ್ತೊಮ್ಮೆ ಇಳಿಸಿ ಫೆನಿ ತೆಗೆಯುತ್ತಾರೆ. ಗೋವಾದ ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ನಮ್ಮ ಮೂರ್ತೆದಾರರು ಇಳಿಸುವ ತೆಂಗಿನ ಕಳ್ಳಿನಂಥದ್ದನ್ನೇ ಶ್ರೀಲಂಕಾದಲ್ಲಿ ಬಟ್ಟಿ ಇಳಿಸಿ, ಹಲ್ಮಿಲ್ಲ ಎಂಬ ಅಲ್ಲಿನ ಮರದ ದೊಡ್ಡ ತೊಟ್ಟಿಗಳಲ್ಲಿ ಮಾಗಿಸಿ ಅರಾಕ್ ಎಂದು ಹೊರದೇಶಗಳಿಗೂ ಮಾರುತ್ತಾರೆ. ಹಣ್ಣು ಒಂದೇ, ಕಳ್ಳು ಒಂದೇ ಆಗಿದ್ದೂ ಕಾನೂನು ಬೇರೆಯಾದಾಗ ಒಂದೂರಿನ ಕಸ ಇನ್ನೊಂದೂರಿನ ಹೆಮ್ಮೆಯ ಸರಕು ಹೇಗಾಗುತ್ತದೆ ಎಂಬುದನ್ನು ಕಾಸರಗೋಡಿನಲ್ಲಿ ಕುಳಿತ ನೀವು ಬರೆಯಬಲ್ಲಿರಿ. ನಿಷೇಧದ ಪರವಾಗಿರುವವರ ವಾದಕ್ಕೂ ಅದರಲ್ಲಿ ನ್ಯಾಯವಾದ ಸ್ಥಾನವಿರಲಿ. ಸಾರಾಯಿಯಿಂದ ಹಾಳಾದ ಮನೆಗಳ ನೆನಪು ನಮ್ಮ ಹಳ್ಳಿಗಳಲ್ಲಿ ಇನ್ನೂ ಮಾಸಿಲ್ಲ.

ಆರು ಉಪಶೀರ್ಷಿಕೆಗಳನ್ನು ಬಿಟ್ಟು ಮೂಲವಸ್ತು, ಹಂಡೆ, ಮರ, ಹವೆ ಎಂಬ ಕ್ರಮದಲ್ಲಿ ಲೇಖನವನ್ನು ಮತ್ತೆ ಬರೆಯಿರಿ. ಬ್ರಾಂಡುಗಳ ಪಟ್ಟಿ ಮತ್ತು ಬೆಲೆಗಳು ಬೇಡ. ಎರಡು ಸಾವಿರ ಪದಗಳೊಳಗೆ ಇದ್ದರೆ ಒಂದೇ ಸಂಚಿಕೆಯಲ್ಲಿ ಹಾಕಬಹುದು. ಫೆನಿ ಮತ್ತು ಅರಾಕಿನ ಭಾಗ ಬೆಳೆದರೆ ಅದನ್ನು ಪ್ರತ್ಯೇಕ ಲೇಖನವಾಗಿಯೇ ಕಳುಹಿಸಿ, ನಾನು ಅದನ್ನು ಮೊದಲು ಓದುತ್ತೇನೆ.

ಇತಿ,
ಸಂಪಾದಕ